ಒತ್ತೆಯಿಟ್ಟ ನುಡಿ: ಯೂರೋಪಿನ ಸರ್ವಾಧಿಕಾರಗಳೂ ಮಹಾಯುದ್ಧದ ದಾರಿಯೂ

(ಶ್ರೀಮಠದ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ಮಠದ ಮಹೋತ್ಸವವೆಂದರೆ ಷಟ್‌ಸ್ಥಲದ ನಿರೂಪಣೆಯೋ ಪುರಾತನರ ಚರಿತ್ರೆಯೋ ನಡೆಯುವುದು ವಾಡಿಕೆ. ಇಂತಹ ಸಭೆಯಲ್ಲಿ ಮುಸ್ಸೋಲಿನಿ ಹಿಟ್ಲರರ ಹೆಸರನ್ನೆತ್ತುವುದು ಏತಕ್ಕೆಂದು ಕೆಲವರಿಗೆ ತೋರೀತು. ಕಾರಣವುಂಟು. ದೀಕ್ಷೆಯೆಂಬುದು ಒಂದು ನುಡಿಯನ್ನು ಕೊಡುವ ಕರ್ಮ. ಗುರುವು ಶಿಷ್ಯನ ಕರಸ್ಥಲದಲ್ಲಿ ಇಷ್ಟಲಿಂಗವನ್ನಿಡುತ್ತಾನೆಯೇ ಹೊರತು ತನ್ನ ಪ್ರತಿಮೆಯನ್ನಿಡುವುದಿಲ್ಲ; ಆ ಲಿಂಗದ ಮುಂದೆ ಗುರುವೂ ಭಕ್ತನೇ. ಕೊಟ್ಟ ನುಡಿಯು ಯಾರಿಗೆ ಸಲ್ಲತಕ್ಕದ್ದು ಎಂಬುದು ಹೀಗೆ ಶರಣಧರ್ಮದ ಮೊದಲ ಪ್ರಶ್ನೆಯೇ ಆಗಿದೆ. ಇಪ್ಪತ್ತನೆಯ ಶತಮಾನದ ಯೂರೋಪಿನಲ್ಲಿ ಕೋಟ್ಯಂತರ ಜನರು, ಓದುಬಲ್ಲವರು, ದೈವಭೀರುಗಳು, ಮಕ್ಕಳೊಂದಿಗರು, ತಮ್ಮ ನುಡಿಯನ್ನು ಮನುಷ್ಯನೊಬ್ಬನ ಹೆಸರಿಗೆ ಒತ್ತೆಯಿಟ್ಟರು. ಅದರ ಬಡ್ಡಿಯಾಗಿ ೧೯೩೯ರಿಂದ ೧೯೪೫ರ ವರೆಗಿನ ಯುದ್ಧದಲ್ಲಿ ಆರು ಕೋಟಿಗೆ ಕಡಮೆಯಿಲ್ಲದಷ್ಟು ಜೀವಗಳು ಹೋದವು. ಈ ಒತ್ತೆಯು ಹೇಗೆ ನಡೆಯಿತೆಂಬುದೇ ಇಂದಿನ ವಿಷಯ.

ಮೊದಲನೆಯ ಮಹಾಯುದ್ಧವು ೧೯೧೮ರ ನವೆಂಬರಿನಲ್ಲಿ ಮುಗಿಯಿತು. ಇಟಲಿಯು ಗೆದ್ದವರ ಪಂಕ್ತಿಯಲ್ಲಿಯೇ ಕುಳಿತಿತ್ತು. ಆದರೂ ಎಲೆಗೆ ಬಡಿಸಿದ್ದು ಸಾಲದೆಂದು ಮುನಿದು ಎದ್ದುಬಂದವರ ಸ್ಥಿತಿ ಆ ದೇಶದವರದಾಗಿತ್ತು. ಆರು ಲಕ್ಷದಷ್ಟು ಯೋಧರು ಸತ್ತಿದ್ದರು, ಬೆಲೆಗಳು ಏರಿದ್ದವು, ಊರಿಗೆ ಮರಳಿದ ಸಿಪಾಯಿಗೆ ಕೆಲಸವಿರಲಿಲ್ಲ. ಕಾರ್ಖಾನೆಗಳಲ್ಲಿ ಮುಷ್ಕರ, ಹೊಲಗಳಲ್ಲಿ ಜಗಳ. ಈ ಸಂಧಿಯಲ್ಲಿ ಬೆನಿಟೋ ಮುಸ್ಸೋಲಿನಿಯು ೧೯೧೯ನೆಯ ಇಸವಿ ಮಾರ್ಚ್ ೨೩ರಂದು ಮಿಲಾನ್ ನಗರದಲ್ಲಿ ತನ್ನ ದಂಡೊಂದನ್ನು ಕಟ್ಟಿದನು. ಕಮ್ಮಾರನ ಮಗ, ಪಂತೋಜಿಯಮ್ಮನ ಮಗ; ಮೊದಲು ಸಮಾಜವಾದಿಗಳ ಪತ್ರಿಕೆಯ ಸಂಪಾದಕನಾಗಿದ್ದು, ಯುದ್ಧವನ್ನು ಹೊಗಳಿದ್ದಕ್ಕಾಗಿ ೧೯೧೪ರಲ್ಲಿ ಆ ಪಕ್ಷದಿಂದ ಹೊರದೂಡಲ್ಪಟ್ಟವನು. ಪ್ರಾಚೀನ ರೋಮಿನಲ್ಲಿ ಅಧಿಕಾರಿಗಳ ಮುಂದೆ ಭಟರು ಹೊತ್ತು ನಡೆಯುತ್ತಿದ್ದ, ನಡುವೆ ಕೊಡಲಿಯನ್ನಿಟ್ಟು ಬಿಗಿದ ಬೆತ್ತಗಳ ಕಟ್ಟು ಆ ದಂಡಿನ ಲಾಂಛನವಾಯಿತು. ಕಟ್ಟು ಎಂಬರ್ಥದ ಇಟಲಿಯ ಮಾತಿನಿಂದಲೇ ಫ್ಯಾಸಿಸ್ಟ್ ಎಂಬ ಹೆಸರು ಬಂದಿತು.

ಆ ವರ್ಷದ ಚುನಾವಣೆಯಲ್ಲಿ ಈ ಗುಂಪಿಗೆ ಒಂದು ಸ್ಥಾನವೂ ಸಿಕ್ಕಲಿಲ್ಲ. ಜನರು ಅವನನ್ನು ಮೊದಲು ಆರಿಸಲಿಲ್ಲವೆಂಬುದನ್ನು ಮರೆಯಲಾಗದು. ಅವನನ್ನು ಬೆಳೆಯಿಸಿದವರು ಬೇರೆ. ಪೋ ನದಿಯ ಬಯಲಿನ ಜಮೀನುದಾರರು ಕೂಲಿಗಳ ಸಂಘಗಳನ್ನು ಮುರಿಯುವುದಕ್ಕಾಗಿ ಕರಿಯಂಗಿಯ ದಂಡುಗಳಿಗೆ ಹಣವನ್ನೂ ಲಾರಿಗಳನ್ನೂ ಕೊಟ್ಟರು. ಇವರು ರಾತ್ರಿಯಲ್ಲಿ ಹೋಗಿ ಸಂಘದ ಕಚೇರಿಗಳನ್ನು ಸುಡುವುದು, ಮುಖಂಡರನ್ನು ಹಿಡಿದು ಹರಳೆಣ್ಣೆಯನ್ನು ಕುಡಿಯಿಸಿ ಅವಮಾನಪಡಿಸುವುದು, ಕೊಲ್ಲುವುದು ನಡೆಯಿತು. ಪೊಲೀಸರು ಮುಖ ತಿರುಗಿಸಿಕೊಂಡರು. ೧೯೨೧ರಲ್ಲಿ ಹಳೆಯ ಮುತ್ಸದ್ದಿ ಜಿಯೊಲಿಟ್ಟಿಯು ಇವರನ್ನು ತನ್ನ ಪಟ್ಟಿಯಲ್ಲಿಯೇ ಸೇರಿಸಿಕೊಂಡು ೩೫ ಸ್ಥಾನಗಳನ್ನು ದೊರಕಿಸಿಕೊಟ್ಟನು; ಪಳಗಿಸಿ ಬಳಸಿಕೊಳ್ಳಬಹುದೆಂದು ಆ ವೃದ್ಧನ ಎಣಿಕೆ. ೧೯೨೨ರ ಅಕ್ಟೋಬರ್ ೨೮ರಂದು ಕರಿಯಂಗಿಯವರು ರೋಮಿನತ್ತ ಹೊರಟಾಗ ಮಂತ್ರಿಮಂಡಲವು ಸೈನಿಕಶಾಸನದ ಆಜ್ಞೆಯನ್ನು ಸಿದ್ಧಪಡಿಸಿತ್ತು. ಮಳೆಯಲ್ಲಿ ನೆನೆದು ನಿಂತಿದ್ದ, ಸರಿಯಾದ ಆಯುಧಗಳಿಲ್ಲದ ಆ ಗುಂಪನ್ನು ಸೈನ್ಯವು ಚದರಿಸಬಹುದಾಗಿತ್ತು. ದೊರೆ ಮೂರನೆಯ ವಿಕ್ಟರ್ ಇಮ್ಯಾನ್ಯುಯಲನು ರುಜು ಹಾಕಲಿಲ್ಲ. ಮುಸ್ಸೋಲಿನಿಯು ದಂಡಿನ ಮುಂದೆ ನಡೆದುಬಂದವನೂ ಅಲ್ಲ. ಮಿಲಾನಿನಿಂದ ರಾತ್ರಿಯ ರೈಲಿನಲ್ಲಿ ಮಲಗಿ ಬಂದು ಪ್ರಧಾನಿಯಾದನು.

ಮುಂದಿನದು ಬೇಗ ನಡೆಯಿತು. ೧೯೨೪ರ ಚುನಾವಣೆಯ ಅಕ್ರಮಗಳನ್ನು ಶಾಸನಸಭೆಯಲ್ಲಿ ಎದ್ದುನಿಂತು ಎತ್ತಿಹೇಳಿದ ಮಾತ್ತಿಯೊಟ್ಟಿ ಎಂಬ ಸಮಾಜವಾದಿ ಸದಸ್ಯನನ್ನು ಜೂನ್ ೧೦ರಂದು ಹಾಡುಹಗಲೇ ಅಪಹರಿಸಿ ಕೊಂದರು. ಪ್ರತಿಪಕ್ಷದವರು ಸಭೆಯನ್ನು ಬಿಟ್ಟು ಹೊರಬಂದು, ದೊರೆಯು ನ್ಯಾಯ ಮಾಡುವನೆಂದು ಕಾದರು; ದೊರೆಯು ಮೌನವಾಗಿದ್ದನು. ೧೯೨೫ರ ಜನವರಿ ೩ರಂದು ಮುಸ್ಸೋಲಿನಿಯು ನಡೆದದ್ದಕ್ಕೆಲ್ಲ ತಾನೇ ಹೊಣೆಯೆಂದು ಸಭೆಯಲ್ಲಿ ಸಾರಿದನು. ಹೊಣೆ ಹೊತ್ತವನನ್ನು ಹಿಡಿಯುವವರಿರಲಿಲ್ಲ. ೧೯೨೬ರ ವೇಳೆಗೆ ಇತರ ಪಕ್ಷಗಳೂ ಸ್ವತಂತ್ರ ಪತ್ರಿಕೆಗಳೂ ಇಲ್ಲವಾದವು. ಅದೇ ವರ್ಷ ಕವಿ ರವೀಂದ್ರನಾಥ ಠಾಕೂರರು ಅತಿಥಿಯಾಗಿ ಇಟಲಿಗೆ ಹೋದಾಗ ಅವರ ಸೌಜನ್ಯದ ಮಾತುಗಳನ್ನು ಅಲ್ಲಿಯ ಪತ್ರಿಕೆಗಳು ತಿರುಚಿ ಫ್ಯಾಸಿಸ್ಟರ ಸ್ತುತಿಯಾಗಿ ಅಚ್ಚು ಹಾಕಿದವು. ಗಡಿ ದಾಟಿದ ಮೇಲೆ ರೋಮಾಂ ರೋಲಾ ಮೊದಲಾದವರಿಂದ ನಿಜಸ್ಥಿತಿಯನ್ನು ತಿಳಿದ ಕವಿಯು ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ತಮ್ಮ ಖಂಡನೆಯನ್ನು ಪ್ರಕಟಿಸಬೇಕಾಯಿತು. ಸರ್ವಾಧಿಕಾರಿಗೆ ಪರರ ನುಡಿಯ ಮೇಲೆ ಎಂತಹ ಹಸಿವೆಂಬುದಕ್ಕೆ ಇದೊಂದು ಸಾಕ್ಷಿ.

ಅದಕ್ಕಿಂತ ದೊಡ್ಡ ಸಾಕ್ಷಿ ೧೯೩೧ರದು. ಪಾಠಶಾಲೆಗಳ ಸಂಬಂಧವುಳ್ಳವರು ಇದನ್ನು ಸ್ವಲ್ಪ ನಿಂತು ನೋಡಬೇಕು. ಇಟಲಿಯ ವಿಶ್ವವಿದ್ಯಾಲಯಗಳ ಅಧ್ಯಾಪಕರೆಲ್ಲರೂ ದೊರೆಗೆ ಮಾತ್ರವಲ್ಲದೆ ಫ್ಯಾಸಿಸ್ಟ್ ಪ್ರಭುತ್ವಕ್ಕೂ ನಿಷ್ಠರಾಗಿರುವುದಾಗಿ, ಅದಕ್ಕೆ ಭಕ್ತರಾದ ಪ್ರಜೆಗಳನ್ನು ತಯಾರಿಸುವುದಾಗಿ ಪ್ರಮಾಣ ಮಾಡತಕ್ಕದ್ದೆಂದು ಆಜ್ಞೆ ಹೊರಟಿತು. ಸುಮಾರು ೧,೨೦೦ ಮಂದಿ ಅಧ್ಯಾಪಕರಿದ್ದರು. ಒಪ್ಪದವರು ಹನ್ನೆರಡು ಮಂದಿಯ ಆಸುಪಾಸು! ಉಳಿದವರೆಲ್ಲ ದುಷ್ಟರೆಂದಾಗಲಿ ಹೇಡಿಗಳೆಂದಾಗಲಿ ಹೇಳಿದರೆ ಅನ್ಯಾಯವಾದೀತು. ಒಬ್ಬೊಬ್ಬನಿಗೆ ಒಂದೊಂದು ಸಕಾರಣವಿತ್ತು. ಕ್ರೈಸ್ತಧರ್ಮದ ಕಟ್ಟುಗಳಿಗೆ ಬಾಧಕವಿಲ್ಲದಷ್ಟು ಮಟ್ಟಿಗೆ ಎಂದು ಮನಸ್ಸಿನೊಳಗೇ ಹೇಳಿಕೊಂಡು ಪ್ರಮಾಣ ಮಾಡಬಹುದೆಂದು ಕೆಲವರಿಗೆ ಧರ್ಮಾಧಿಕಾರಿಗಳ ಅಭಯ ದೊರೆಯಿತು. ಪೀಠಗಳನ್ನು ಬಿಟ್ಟುಕೊಟ್ಟರೆ ಅಲ್ಲಿ ಫ್ಯಾಸಿಸ್ಟರು ಬಂದು ಕುಳಿತು ಎಳೆಯರನ್ನು ಕೆಡಿಸುವರೆಂದು ತತ್ತ್ವಜ್ಞಾನಿ ಬೆನೆಡೆಟ್ಟೊ ಕ್ರೋಚೆಯೇ, ತಾನು ಆ ಪ್ರಭುತ್ವದ ವಿರೋಧಿಯಾಗಿದ್ದೂ, ಗೆಳೆಯರಿಗೆ ಉಳಿದುಕೊಳ್ಳಿರೆಂದು ಸಲಹೆಯಿತ್ತನು. ಮಕ್ಕಳ ಅನ್ನ, ಶಿಷ್ಯರ ಹಿತ, ಗ್ರಂಥಭಂಡಾರದ ರಕ್ಷಣೆ, ಎಲ್ಲವೂ ನಿಜವಾದ ಕಾರಣಗಳೇ. ಸಾವಿರದಿನ್ನೂರು ನಿಜವಾದ ಕಾರಣಗಳು ಕೂಡಿ ಒಂದು ಮಹಾಸುಳ್ಳಿಗೆ ಕಂಬಗಳಾದವು.

ಒಪ್ಪದ ಆ ಕೆಲವರಲ್ಲಿ ಗಣಿತಜ್ಞ ವೀಟೊ ವೋಲ್ಟೆರಾ ಒಬ್ಬನು. ಸೆಮಿಟಿಕ್ ಭಾಷೆಗಳ ಪಂಡಿತ ಲೆವಿ ಡೆಲ್ಲಾ ವೀಡಾ ಒಬ್ಬನು. ಕ್ರೈಸ್ತಧರ್ಮದ ಇತಿಹಾಸವನ್ನು ಬೋಧಿಸುತ್ತಿದ್ದ ಬುವೊನಾಯುತಿ ಒಬ್ಬನು. ತತ್ತ್ವಶಾಸ್ತ್ರದ ಪೀಠದಲ್ಲಿದ್ದವರ ಪೈಕಿ ಒಲ್ಲೆನೆಂದವನು ಮಿಲಾನಿನ ಪಿಯೆರೊ ಮಾರ್ಟಿನೆಟ್ಟಿ. ಈತನು ಯೌವನದಲ್ಲಿ ಬರೆದ ಮೊದಲ ಗ್ರಂಥವು ಕಪಿಲಮುನಿಯ ಸಾಂಖ್ಯದರ್ಶನವನ್ನು ಕುರಿತದ್ದೆಂಬುದು ಭಾರತೀಯರಿಗೆ ತಿಳಿದಿರಬೇಕಾದ ಸಂಗತಿ. ಸಾಂಖ್ಯವನ್ನು ಓದಿದ್ದರಿಂದಲೇ ಅವನು ಹಾಗೆ ನಡೆದನೆಂದು ಹೇಳುವುದು ಅತಿಯಾದೀತು. ಸಾಂಖ್ಯವನ್ನು ಕಂಠಪಾಠ ಮಾಡಿದವರೂ ಅರಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತದ್ದುಂಟು. ಜೀವನವಿಡೀ ಅಂತಃಸಾಕ್ಷಿಗೆ ಅಧೀನನಾಗಿರಬೇಕೆಂದು ಶಿಷ್ಯರಿಗೆ ಕಲಿಸಿದವನು ಈಗ ಬೇರೆ ತೆರನಾಗಿ ನಡೆಯಲಾರನೆಂಬ ಅರ್ಥದ ಪತ್ರವನ್ನು ಮಂತ್ರಿಗೆ ಬರೆದು, ಪೀಠವನ್ನು ಬಿಟ್ಟು, ತನ್ನ ಹಳ್ಳಿಯ ಕಡೆಯ ತೋಟದಮನೆಗೆ ಹೋಗಿ ಓದುಬರಹದಲ್ಲಿ ದಿನ ಕಳೆದನು. ೧೯೪೩ರಲ್ಲಿ ತೀರಿಕೊಂಡನು.

ಇನ್ನು ಜರ್ಮನಿ. ೧೯೧೯ರ ಜೂನ್ ೨೮ರ ವರ್ಸೈ ಒಪ್ಪಂದವು ಯುದ್ಧದ ಹೊಣೆಯನ್ನು ಜರ್ಮನಿಯ ಮತ್ತು ಅದರ ಮಿತ್ರರ ಮೇಲೆ ಹೊರಿಸಿತು. ೧೯೨೧ರಲ್ಲಿ ೧೩,೨೦೦ ಕೋಟಿ ಚಿನ್ನದ ಮಾರ್ಕುಗಳ ದಂಡವು ಗೊತ್ತಾಯಿತು. ೧೯೨೩ರ ನವೆಂಬರಿನಲ್ಲಿ ಒಂದು ಡಾಲರಿಗೆ ನಾಲ್ಕು ಲಕ್ಷ ಕೋಟಿಗೂ ಮಿಕ್ಕ ಮಾರ್ಕುಗಳಾಗಿ, ಜೀವಮಾನದ ಉಳಿತಾಯವು ಒಂದು ರೊಟ್ಟಿಗೆ ಸಾಲದೆ ಹೋಯಿತು. ಅದೇ ತಿಂಗಳು ಮ್ಯೂನಿಕ್ಕಿನಲ್ಲಿ ಬಂಡೆದ್ದ ಅಡಾಲ್ಫ್ ಹಿಟ್ಲರನಿಗೆ ಐದು ವರ್ಷಗಳ ಶಿಕ್ಷೆಯಾದರೂ ವರ್ಷ ತುಂಬುವ ಮೊದಲೇ ಬಿಡುಗಡೆಯಾಯಿತು. ಇಷ್ಟಾದರೂ ೧೯೨೮ರ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ನೂರಕ್ಕೆ ಮೂರು ಮತಗಳೂ ಬೀಳಲಿಲ್ಲ. ೧೯೨೯ರ ಆರ್ಥಿಕ ಕುಸಿತದ ತರುವಾಯ ಅರವತ್ತು ಲಕ್ಷ ಜನ ನಿರುದ್ಯೋಗಿಗಳಾದರು. ೧೯೩೨ರ ಜುಲೈನಲ್ಲಿ ಅದೇ ಪಕ್ಷಕ್ಕೆ ನೂರಕ್ಕೆ ೩೭ ಮತಗಳು ಬಂದವು. ಹಸಿದವನಿಗೆ ವೈರಿಯೊಬ್ಬನನ್ನು ತೋರಿಸುವುದು ಅನ್ನವನ್ನು ತೋರಿಸುವುದಕ್ಕಿಂತ ಸುಲಭ. ಹಿಟ್ಲರನು ಯೆಹೂದ್ಯರನ್ನು ತೋರಿಸಿದನು.

ಆ ವರ್ಷದ ನವೆಂಬರಿನ ಚುನಾವಣೆಯಲ್ಲಿ ಅವನ ಮತಗಳು ಇಳಿಯುತ್ತಲಿದ್ದವೆಂಬುದು ಗಮನಾರ್ಹ. ಇಳಿಯುತ್ತಿದ್ದವನನ್ನು ಕೈಹಿಡಿದು ಮೇಲೆತ್ತಿದವರು ಮಾಜಿ ಪ್ರಧಾನಿ ಪಾಪೆನ್ ಮೊದಲಾದ ಕುಲೀನರು. ೧೯೩೩ರ ಜನವರಿ ೩೦ರಂದು ವೃದ್ಧ ಅಧ್ಯಕ್ಷ ಹಿಂಡೆನ್‌ಬರ್ಗನು ಹಿಟ್ಲರನನ್ನು ಪ್ರಧಾನಿಯಾಗಿ ನೇಮಿಸಿದನು. ಮಂತ್ರಿಮಂಡಲದಲ್ಲಿ ಅವನ ಪಕ್ಷದವರು ಅವನೂ ಸೇರಿ ಮೂವರೇ. ಸುತ್ತಲೂ ತಾವಿರುವಾಗ ಅವನೇನು ಮಾಡಿಯಾನೆಂದು ಪಾಪೆನನ ಲೆಕ್ಕ. ಇಟಲಿಯ ಜಿಯೊಲಿಟ್ಟಿಯ ಲೆಕ್ಕವೇ ಹನ್ನೆರಡು ವರ್ಷಗಳ ತರುವಾಯ ಬರ್ಲಿನ್ನಿನಲ್ಲಿ ಮತ್ತೆ ತಪ್ಪಿತು. ಫೆಬ್ರವರಿ ೨೭ರ ರಾತ್ರಿ ಶಾಸನಸಭೆಯ ಕಟ್ಟಡಕ್ಕೆ ಬೆಂಕಿ ಬಿದ್ದಿತು. ಮರುದಿನವೇ ಪ್ರಜೆಗಳ ಮೂಲಹಕ್ಕುಗಳು ರದ್ದಾದವು.

ಮಾರ್ಚ್ ೨೩ರಂದು, ಶಾಸನಸಭೆಯ ಅನುಮತಿಯಿಲ್ಲದೆ ಶಾಸನಗಳನ್ನು ಮಾಡುವ ಅಧಿಕಾರವನ್ನು ಮಂತ್ರಿಮಂಡಲಕ್ಕೆ ಕೊಡತಕ್ಕ ಮಸೂದೆಯು ಸಭೆಯ ಮುಂದೆ ಬಂದಿತು. ಮೂರರಲ್ಲಿ ಎರಡು ಪಾಲು ಮತ ಬೇಕಾಗಿತ್ತು. ಕಮ್ಯುನಿಸ್ಟ್ ಸದಸ್ಯರು ಸೆರೆಯಲ್ಲಿಯೋ ತಲೆಮರೆಸಿಕೊಂಡೋ ಇದ್ದರು. ಸಭಾಂಗಣದ ಒಳಗೂ ಹೊರಗೂ ಕಂದಂಗಿಯ ದಂಡಾಳುಗಳು ಸಾಲುಗಟ್ಟಿದ್ದರು. ನಿರ್ಣಾಯಕವಾದದ್ದು ಕ್ಯಾಥೊಲಿಕರ ಮಧ್ಯಪಕ್ಷ. ಅದರ ನಾಯಕನು ಕಾಸ್ ಎಂಬ ಪಾದ್ರಿ. ಧರ್ಮಸಂಸ್ಥೆಯ ಹಕ್ಕುಗಳನ್ನೂ ಅಧ್ಯಕ್ಷನ ಅಧಿಕಾರವನ್ನೂ ಕಾಪಾಡುವುದಾಗಿ ಬರಹದಲ್ಲಿ ಕೊಡುವೆನೆಂದು ಹಿಟ್ಲರನು ಅವನಿಗೆ ಮಾತುಕೊಟ್ಟಿದ್ದನು. ಆ ಪತ್ರವು ಬರುತ್ತದೆ, ದಾರಿಯಲ್ಲಿದೆ ಎನ್ನುತ್ತಲೇ ಮತದಾನದ ಹೊತ್ತಾಯಿತು. ಪತ್ರವು ಬರಲಿಲ್ಲ, ಮತಗಳು ಮಾತ್ರ ಬಿದ್ದವು. ಪರವಾಗಿ ೪೪೪, ವಿರುದ್ಧವಾಗಿ ೯೪. ಆ ೯೪ ಮಂದಿಯೂ ಸೋಷಿಯಲ್ ಡೆಮೊಕ್ರಾಟರು. ಅವರ ನಾಯಕ ಓಟೊ ವೆಲ್ಸನು ಒಬ್ಬನೇ ಎದ್ದು ವಿರೋಧವಾಗಿ ಮಾತಾಡಿದನು. ನಾಲ್ಕು ತಿಂಗಳೊಳಗೆ ಮಧ್ಯಪಕ್ಷವು ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಧರ್ಮಪೀಠಗಳ ಸಂಬಂಧವುಳ್ಳವರಿಗೆ ಈ ಪ್ರಸಂಗವು ನುಂಗಲಾರದ ತುತ್ತು. ತನ್ನ ಮಠವನ್ನು ಉಳಿಸಿಕೊಳ್ಳಲೆಂದು ಊರಿನ ಬಾಗಿಲನ್ನು ತೆಗೆದುಕೊಟ್ಟಂತಾಯಿತು.

೧೯೩೪ರ ಆಗಸ್ಟ್ ೨ರಂದು ಹಿಂಡೆನ್‌ಬರ್ಗನು ಮಡಿದನು. ಅದೇ ದಿನ ಜರ್ಮನಿಯ ಸೈನಿಕರನ್ನೆಲ್ಲ ಸಾಲುಗಟ್ಟಿಸಿ ಹೊಸ ಪ್ರಮಾಣವೊಂದನ್ನು ಮಾಡಿಸಲಾಯಿತು. ಹಿಂದಿನ ಪ್ರಮಾಣವು ರಾಜ್ಯಸಂವಿಧಾನಕ್ಕೆ, ಆಮೇಲೆ ಜನತೆಗೂ ಪಿತೃಭೂಮಿಗೂ ಸಲ್ಲುತ್ತಿತ್ತು. ಈಗಿನದು ದೇವರ ಹೆಸರಿನಲ್ಲಿ, ಅಡಾಲ್ಫ್ ಹಿಟ್ಲರನೆಂಬ ವ್ಯಕ್ತಿಗೆ, ಯಾವ ನಿಬಂಧನೆಯೂ ಇಲ್ಲದ ವಿಧೇಯತೆ. ಇದನ್ನು ಹಿಟ್ಲರನು ಬಲವಂತದಿಂದ ಪಡೆದನೆನ್ನುವಂತಿಲ್ಲ. ಯುದ್ಧಮಂತ್ರಿ ಬ್ಲೊಂಬರ್ಗನೂ ಅವನ ಕೈಕೆಳಗಿನ ಸೇನಾನಿಗಳೂ ತಾವಾಗಿಯೇ ಅರ್ಪಿಸಿದರು. ನಾಯಕನನ್ನು ಸೈನ್ಯಕ್ಕೆ ಕಟ್ಟಿಹಾಕಿದೆವೆಂದು ಅವರು ಸಂತೋಷಪಟ್ಟರು. ಕಟ್ಟುಬಿದ್ದವರು ಯಾರೆಂಬುದು ೧೯೩೮ರಲ್ಲಿ ಬ್ಲೊಂಬರ್ಗನಿಗೆ ತಿಳಿಯಿತು. ಅವನನ್ನೇ ಪದವಿಯಿಂದ ಇಳಿಸಲಾಯಿತು. ಮುಂದೆ ಯುದ್ಧವು ಸೋತಿತೆಂದು ಬಲ್ಲ, ಹತ್ಯಾಕಾಂಡಗಳನ್ನು ಕಣ್ಣಾರೆ ಕಂಡ ಸೇನಾನಿಗಳನೇಕರು, ಹಿಟ್ಲರನ ವಿರುದ್ಧ ಸಂಚುಹೂಡಿದವರು ಬಂದು ಕೇಳಿದಾಗ, ಪ್ರಮಾಣ ಮಾಡಿದ್ದೇವಲ್ಲ ಎಂದು ಕೈ ಹಿಂದೆಗೆದರು.

ಇತ್ತ ಪ್ರಮಾಣವನ್ನು ಪಡೆದವನ ನುಡಿ ಹೇಗಿತ್ತು? ೧೯೩೩ರಲ್ಲಿ ಸಂವಿಧಾನಕ್ಕೆ ಪ್ರಮಾಣ ಮಾಡಿ ಎರಡು ತಿಂಗಳಲ್ಲಿ ಅದನ್ನು ಹೂಳಿದನು. ೧೯೩೪ರಲ್ಲಿ ಪೋಲೆಂಡಿನೊಡನೆ ಹತ್ತು ವರ್ಷಗಳ ಅನಾಕ್ರಮಣದ ಕರಾರು ಮಾಡಿ ಐದು ವರ್ಷಗಳ ಮೇಲೆ ಹರಿದನು. ಮುಸ್ಸೋಲಿನಿಯೂ ಕಡಮೆಯಲ್ಲ: ೧೯೨೮ರಲ್ಲಿ ಇಪ್ಪತ್ತು ವರ್ಷಗಳ ಸ್ನೇಹದ ಒಪ್ಪಂದವನ್ನು ಇಥಿಯೋಪಿಯದೊಡನೆ ಮಾಡಿಕೊಂಡು ೧೯೩೫ರ ಅಕ್ಟೋಬರ್ ೩ರಂದು ಅದರ ಮೇಲೆ ದಂಡೆತ್ತಿದನು. ತಾವು ಯಾವ ನುಡಿಗೂ ಕಟ್ಟುಬೀಳದವರು ಎಲ್ಲರ ನುಡಿಯನ್ನೂ ಕಟ್ಟಿಹಾಕಿದ್ದರು.

ಯುದ್ಧದ ದಾರಿಯು ನಿಜವಾಗಿ ತೆರೆದದ್ದು ಇಥಿಯೋಪಿಯದಲ್ಲಿ. ಜಪಾನು ೧೯೩೧ರಲ್ಲಿ ಮಂಚೂರಿಯವನ್ನು ನುಂಗಿದಾಗ ಅದು ದೂರದ ಮಾತೆಂದು ಯೂರೋಪಿನವರು ಸುಮ್ಮನಿದ್ದರು. ಈಗ ಜಿನೀವಾದ ರಾಷ್ಟ್ರಸಂಘದ ಸದಸ್ಯರಾಷ್ಟ್ರವೊಂದನ್ನು ಇನ್ನೊಂದು ಸದಸ್ಯರಾಷ್ಟ್ರವು, ಬರಿಗಾಲಿನ ಸಿಪಾಯಿಗಳ ಮೇಲೆ ವಿಮಾನಗಳಿಂದ ವಿಷವಾಯುವನ್ನು ಸುರಿಸಿ ಕೊಲ್ಲತೊಡಗಿತು. ಸಂಘವು ಇಟಲಿಯ ಮೇಲೆ ವ್ಯಾಪಾರದ ಬಹಿಷ್ಕಾರವನ್ನು ವಿಧಿಸಿತು. ಆದರೆ ಪಟ್ಟಿಯಲ್ಲಿ ಎಣ್ಣೆಯನ್ನು ಸೇರಿಸಲಿಲ್ಲ. ಎಣ್ಣೆಯಿಲ್ಲದೆ ವಿಮಾನವು ಹಾರುವುದೆಂತು? ಸುಯೆಜ್ ಕಾಲುವೆಯನ್ನೂ ಮುಚ್ಚಲಿಲ್ಲ. ಇಟಲಿಯ ಹಡಗುಗಳು ಸುಂಕವನ್ನು ತೆತ್ತು ದಂಡನ್ನು ಸಾಗಿಸಿದವು. ೧೯೩೬ರ ಮೇ ೫ರಂದು ಅಡಿಸ್ ಅಬಾಬ ಬಿದ್ದಿತು. ಜೂನ್ ೩೦ರಂದು ಚಕ್ರವರ್ತಿ ಹೈಲೆ ಸೆಲಾಸಿಯು ಜಿನೀವಾದ ಸಭೆಯಲ್ಲಿ ಮಾತಾಡಲು ನಿಂತಾಗ ಇಟಲಿಯ ಪತ್ರಕರ್ತರು ಸಿಳ್ಳು ಹಾಕಿದರು. ಆತನು ಕೇಳಿದ್ದು ಇಷ್ಟೇ: ಸಂಘಕ್ಕೆ ರುಜು ಹಾಕಿದ ರಾಷ್ಟ್ರಗಳ ನುಡಿಗೆ ಬೆಲೆಯುಂಟೋ ಇಲ್ಲವೋ? ಮುಂದಿನ ತಿಂಗಳು ಬಹಿಷ್ಕಾರವನ್ನು ತೆಗೆದುಹಾಕಿ ಸಂಘವು ಉತ್ತರವನ್ನು ಕೊಟ್ಟಿತು. ಅದೇ ವರ್ಷದ ಮಾರ್ಚಿನಲ್ಲಿ, ಪತ್ನಿವಿಯೋಗದ ದುಃಖದಲ್ಲಿ ಸ್ವದೇಶಕ್ಕೆ ಮರಳುತ್ತ ರೋಮಿನಲ್ಲಿಳಿದಿದ್ದ ಜವಾಹರಲಾಲ ನೆಹರೂ ಅವರನ್ನು ಮುಸ್ಸೋಲಿನಿಯ ಭೇಟಿಗೆ ಅಧಿಕಾರಿಗಳು ಬಹಳವಾಗಿ ಒತ್ತಾಯಪಡಿಸಿದರೂ ಅವರು ಒಪ್ಪದೆ ಬಂದರು. ಠಾಕೂರರಿಗಾದ ಅನುಭವವು ವ್ಯರ್ಥವಾಗಿರಲಿಲ್ಲ.

ಜಿನೀವಾದ ಉತ್ತರವನ್ನು ಬರ್ಲಿನ್ನಿನಲ್ಲಿ ಗಮನವಿಟ್ಟು ಓದಿದರು. ರೈನ್ ಪ್ರಾಂತಕ್ಕೆ ಹಿಟ್ಲರನ ಸೈನ್ಯವು ಆಗಲೇ ನುಗ್ಗಿತ್ತು, ತಡೆದವರಿಲ್ಲ. ಸ್ಪೇನಿನ ಅಂತರ್ಯುದ್ಧದಲ್ಲಿ ಇಬ್ಬರು ಸರ್ವಾಧಿಕಾರಿಗಳೂ ಸೇನಾನಿ ಫ್ರಾಂಕೊವಿಗೆ ನೆರವಾಗಿ, ೧೯೩೭ರ ಏಪ್ರಿಲಿನಲ್ಲಿ ಗೆರ್ನಿಕಾ ಎಂಬ ಪಟ್ಟಣವನ್ನು ಆಕಾಶದಿಂದ ಸುಟ್ಟು ಮುಂಬರುವುದರ ಮಾದರಿಯನ್ನು ತೋರಿಸಿದರು. ೧೯೩೮ರ ಮಾರ್ಚಿನಲ್ಲಿ ಆಸ್ಟ್ರಿಯಾ ಹೋಯಿತು. ಸೆಪ್ಟೆಂಬರಿನ ಕೊನೆಯಲ್ಲಿ ಮ್ಯೂನಿಕ್ಕಿನಲ್ಲಿ ಬ್ರಿಟನ್ನಿನ ಚೇಂಬರ್ಲೇನ್, ಫ್ರಾನ್ಸಿನ ದಲಾದಿಯೇ, ಹಿಟ್ಲರ್, ಮುಸ್ಸೋಲಿನಿ ಈ ನಾಲ್ವರು ಕುಳಿತು ಚೆಕೊಸ್ಲೊವಾಕಿಯದ ಗಡಿನಾಡನ್ನು ಕೊಯ್ದರು. ಯಾರ ದೇಶವನ್ನು ಕೊಯ್ಯುತ್ತಿದ್ದರೋ ಅವರ ಪ್ರತಿನಿಧಿಗಳು ಹೋಟೆಲಿನ ಕೋಣೆಯಲ್ಲಿ ಕರೆಗಾಗಿ ಕಾಯುತ್ತಿದ್ದರು. ಚೇಂಬರ್ಲೇನನು ದುಷ್ಟನಲ್ಲ. ಹತ್ತುಲಕ್ಷದಷ್ಟು ತರುಣರನ್ನು ಹಿಂದಿನ ಯುದ್ಧದಲ್ಲಿ ಕಳೆದುಕೊಂಡ ಸಾಮ್ರಾಜ್ಯದ ಪ್ರಧಾನಿ ಶಾಂತಿಯನ್ನು ಬಯಸಿದ್ದು ಸಹಜ. ಅಧ್ಯಾಪಕರಿಗಿದ್ದಂತೆ ಅವನಿಗೂ ಸಕಾರಣವಿತ್ತು. ಪಾದ್ರಿ ಕಾಸನಿಗೆ ಬರದ ಪತ್ರವು ಇವನಿಗೆ ಬಂದಿತು, ಅಷ್ಟೇ ವ್ಯತ್ಯಾಸ. ಹಿಟ್ಲರನ ರುಜುವುಳ್ಳ ಆ ಕಾಗದವನ್ನು ಅವನು ಲಂಡನ್ನಿನ ವಿಮಾನನಿಲ್ದಾಣದಲ್ಲಿ ಜನರಿಗೆ ಎತ್ತಿ ತೋರಿಸಿದನು. ಆರು ತಿಂಗಳೊಳಗೆ, ೧೯೩೯ರ ಮಾರ್ಚ್ ೧೫ರಂದು, ಜರ್ಮನಿಯ ಸೈನ್ಯವು ಪ್ರಾಹಾ ನಗರವನ್ನು ಹೊಕ್ಕಿತು. ಆಗಸ್ಟ್ ೨೩ರಂದು ಹಿಟ್ಲರನೂ ರಷ್ಯದ ಸ್ಟಾಲಿನನೂ, ಅದುವರೆಗಿನ ಬದ್ಧದ್ವೇಷಿಗಳು, ಅನಾಕ್ರಮಣದ ಕರಾರನ್ನು ಮಾಡಿಕೊಂಡು ಗುಟ್ಟಾಗಿ ಪೋಲೆಂಡನ್ನು ಹಂಚಿಕೊಂಡರು. ಸೆಪ್ಟೆಂಬರ್ ೧ರಂದು ಯುದ್ಧವು ಹೊತ್ತಿತು.

ಮೂರನೆಯ ತಾರೀಖಿನಂದು ವೈಸರಾಯ್ ಲಿನ್‌ಲಿತ್‌ಗೋ ಭಾರತೀಯರ ಒಬ್ಬ ಪ್ರತಿನಿಧಿಯನ್ನೂ ಕೇಳದೆ ಭಾರತವೂ ಯುದ್ಧದಲ್ಲಿದೆಯೆಂದು ಸಾರಿದನು. ಸರ್ವಾಧಿಕಾರದ ವಿರುದ್ಧದ ಯುದ್ಧಕ್ಕೆ ನಲವತ್ತು ಕೋಟಿಯಷ್ಟು ಜನರ ನುಡಿಯನ್ನು ಒಬ್ಬನೇ ಕೊಟ್ಟುಬಿಟ್ಟ ವಿಪರೀತವಿದು. ಕಾಂಗ್ರೆಸ್ ಮಂತ್ರಿಮಂಡಲಗಳು, ಧಾರವಾಡ ಬೆಳಗಾವಿ ವಿಜಾಪುರಗಳು ಆಗ ಸೇರಿದ್ದ ಮುಂಬಯಿ ಪ್ರಾಂತದ್ದೂ ಸಹ, ರಾಜೀನಾಮೆಯಿತ್ತವು. ಆದರೂ ಯುದ್ಧ ಮುಗಿಯುವ ವೇಳೆಗೆ ಭಾರತದ ಸೈನ್ಯದಲ್ಲಿ ಇಪ್ಪತ್ತೈದು ಲಕ್ಷ ಮಂದಿಯಿದ್ದರು. ೧೯೪೧ರ ಫೆಬ್ರವರಿ ಮಾರ್ಚ್ ತಿಂಗಳುಗಳಲ್ಲಿ ಎರಿಟ್ರಿಯದ ಕೆರೆನ್ ಬಳಿಯ ಬೆಟ್ಟಸಾಲಿನಲ್ಲಿ ಮುಸ್ಸೋಲಿನಿಯ ದಂಡನ್ನು ಮುರಿದ ಭಾರತೀಯ ಪಡೆಗಳಲ್ಲಿ ಬೆಳಗಾವಿಯಲ್ಲಿ ಕೇಂದ್ರವಿದ್ದ ಮರಾಠಾ ದಂಡಿನವರೂ ಇದ್ದರು. ಹೈಲೆ ಸೆಲಾಸಿಯು ತನ್ನ ರಾಜಧಾನಿಗೆ ಮರಳಿದ್ದು ಅದು ಬಿದ್ದ ದಿನದಿಂದ ಸರಿಯಾಗಿ ಐದು ವರ್ಷಕ್ಕೆ, ೧೯೪೧ರ ಮೇ ೫ರಂದು. ಆಫ್ರಿಕದಲ್ಲಿ ಸೆರೆಸಿಕ್ಕ ಇಟಲಿಯ ಸಿಪಾಯಿಗಳನ್ನು ಬೆಂಗಳೂರಿನ ಶಿಬಿರಗಳಲ್ಲಿಯೂ ಇಟ್ಟಿದ್ದರು.

ಯುದ್ಧದ ಮಿಕ್ಕ ಕಥೆಯು ಪ್ರಸಿದ್ಧವೇ ಆಗಿದೆ. ಅರವತ್ತು ಲಕ್ಷ ಯೆಹೂದ್ಯರ ಹತ್ಯೆ ಆದದ್ದು ಈ ಅವಧಿಯಲ್ಲಿಯೇ. ೧೯೪೩ರ ಜುಲೈನಲ್ಲಿ, ಇಪ್ಪತ್ತೊಂದು ವರ್ಷಗಳ ಹಿಂದೆ ರುಜು ಹಾಕದ ಅದೇ ದೊರೆಯು ಮುಸ್ಸೋಲಿನಿಯನ್ನು ಸೆರೆಹಿಡಿಸಿದನು, ಅಷ್ಟರಲ್ಲಿ ತಡವಾಗಿತ್ತು. ೧೯೪೫ರ ಏಪ್ರಿಲ್ ೨೮ರಂದು ಮುಸ್ಸೋಲಿನಿಯನ್ನು ಗುಂಡಿಟ್ಟು ಕೊಂದರು; ಎರಡು ದಿನಗಳ ಮೇಲೆ ಹಿಟ್ಲರನು ಆತ್ಮಹತ್ಯೆ ಮಾಡಿಕೊಂಡನು.

ಇನ್ನೊಬ್ಬನ ಹೆಸರನ್ನು ಹೇಳದೆ ಈ ವಿಷಯವು ಪೂರ್ತಿಯಾಗದು. ಆಸ್ಟ್ರಿಯದ ಸಂಕ್ಟ್ ರಾಡೆಗುಂಡ್ ಎಂಬ ಹಳ್ಳಿಯಲ್ಲಿ ಫ್ರಾಂಟ್ಸ್ ಯೇಗರ್‌ಷ್ಟೆಟ್ಟರ್ ಎಂಬ ರೈತನಿದ್ದನು. ಹೊಲ, ದನಕರು, ಹೆಂಡತಿ ಫ್ರಾಂಟ್ಸಿಸ್ಕಾ, ಮೂವರು ಹೆಣ್ಣುಮಕ್ಕಳು. ಊರ ಇಗರ್ಜಿಯ ಪರಿಚಾರಕನ ಸೇವೆಯನ್ನೂ ಮಾಡುತ್ತಿದ್ದನು. ಸೈನ್ಯವು ೧೯೪೦ರಲ್ಲಿ ಅವನನ್ನು ಕರೆಯಿತು. ತರಬೇತಿಯ ಕಾಲದಲ್ಲಿ ಎಲ್ಲರಂತೆ ಅವನೂ ಆ ಪ್ರಮಾಣದ ಕೆಳಗೆ ನಿಂತವನೇ. ಹೊಲಕ್ಕೆ ಹಿಂತಿರುಗಿದ ಮೇಲೆ ಯೋಚಿಸಿದನು. ಓದಿದ್ದು ಹಳ್ಳಿಯ ಶಾಲೆಯಷ್ಟೇ. ಈ ಯುದ್ಧವು ಅಧರ್ಮವಾಗಿದ್ದರೆ ಅದರಲ್ಲಿ ಶಸ್ತ್ರ ಹಿಡಿಯುವೆನೆಂದು ಕೊಟ್ಟ ನುಡಿಯು ದೇವರಿಗೆ ಸಲ್ಲುವುದೆಂತು ಎಂಬುದು ಅವನಿಗೆ ಬಗೆಹರಿಯಲಿಲ್ಲ. ಲಿಂಟ್ಸ್ ನಗರಕ್ಕೆ ಹೋಗಿ ಬಿಷಪ್ಪನನ್ನೇ ಕೇಳಿದನು. ಯುದ್ಧದ ನ್ಯಾಯಾನ್ಯಾಯವು ಒಬ್ಬ ರೈತನ ಹೊಣೆಯಲ್ಲ, ಮನೆಮಕ್ಕಳನ್ನು ನೋಡಿಕೊಳ್ಳಬೇಕೆಂದು ಗುರುಪೀಠದಿಂದ ಬಂದ ಉಪದೇಶ. ಅವನು ಬಿಷಪ್ಪನನ್ನು ನಿಂದಿಸಲಿಲ್ಲ. ಉಪದೇಶವನ್ನು ಸ್ವೀಕರಿಸಲೂ ಇಲ್ಲ. ೧೯೪೩ರ ಮಾರ್ಚ್ ೧ರಂದು ಮತ್ತೆ ಕರೆ ಬಂದ ಠಾಣೆಗೆ ಹೋಗಿ, ಶಸ್ತ್ರ ಹಿಡಿಯಲಾರೆನೆಂದು ತಾನೇ ತಿಳಿಸಿದನು. ರೋಗಿಗಳ ಶುಶ್ರೂಷೆಯ ಸೇವೆಯನ್ನು ಮಾಡುವೆನೆಂದದ್ದನ್ನು ನ್ಯಾಯಸ್ಥಾನವು ಒಪ್ಪಲಿಲ್ಲ. ಆಗಸ್ಟ್ ೯ರಂದು ಬ್ರಾಂಡೆನ್‌ಬರ್ಗಿನ ಸೆರೆಮನೆಯಲ್ಲಿ ಅವನ ಶಿರಚ್ಛೇದವಾಯಿತು. ವಯಸ್ಸು ಮೂವತ್ತಾರು.

ಯುದ್ಧ ಮುಗಿದ ಮೇಲೂ ಊರಿನ ಅನೇಕರು ಅವನನ್ನು ಮೊಂಡನೆಂದರು, ಹೆಂಡತಿಮಕ್ಕಳನ್ನು ನಡುನೀರಿನಲ್ಲಿ ಬಿಟ್ಟವನೆಂದರು. ಸತ್ತ ಇತರ ಸಿಪಾಯಿಗಳ ವಿಧವೆಯರಿಗೆ ಸಿಕ್ಕ ಪಿಂಚಣಿಯು ಫ್ರಾಂಟ್ಸಿಸ್ಕಾಳಿಗೆ ಕೆಲವು ವರ್ಷ ಸಿಕ್ಕಲಿಲ್ಲ. ಆಕೆ ಹೊಲವನ್ನು ಉಳುತ್ತ, ಗಂಡನು ಸೆರೆಯಿಂದ ಬರೆದ ಕಾಗದಗಳನ್ನು ಜೋಪಾನವಾಗಿಟ್ಟುಕೊಂಡು, ಮೂವರು ಮಕ್ಕಳನ್ನು ಸಾಕಿದಳು. ೧೯೯೭ರಲ್ಲಿ ಬರ್ಲಿನ್ನಿನ ನ್ಯಾಯಸ್ಥಾನವು ಮರಣದಂಡನೆಯ ತೀರ್ಪನ್ನು ರದ್ದುಪಡಿಸಿತು. ೨೦೦೭ರ ಅಕ್ಟೋಬರ್ ೨೬ರಂದು, ಬಿಷಪ್ಪನು ಅವನನ್ನು ಹಿಂದಕ್ಕೆ ಕಳುಹಿಸಿದ್ದ ಅದೇ ಲಿಂಟ್ಸ್ ನಗರದ ಮಹಾದೇವಾಲಯದಲ್ಲಿ, ಕ್ರೈಸ್ತಧರ್ಮಸಂಸ್ಥೆಯು ಯೇಗರ್‌ಷ್ಟೆಟ್ಟರನನ್ನು ಪುಣ್ಯಪುರುಷನೆಂದು ಸಾರಿತು. ತೊಂಬತ್ತನಾಲ್ಕು ವರ್ಷದ ಫ್ರಾಂಟ್ಸಿಸ್ಕಾ ಸಭೆಯಲ್ಲಿ ಕುಳಿತಿದ್ದಳು.